ನೀಲಿ ಬಣ್ಣದ ಕಾವೇರಿ

ಹೊಳೆದಂಡೆಯ ಅಭಿವೃದ್ಧಿ ಮುಗಿದ ಮೇಲೆ ಊರು ಹೀಗೆ ಕಾಣುತ್ತದೆ ಎಂದು ಯೋಜನೆಯವರು ಬರೆಸಿದ ಆ ಚಿತ್ರವನ್ನು ತಾವೆಲ್ಲರೂ ಈಗಾಗಲೇ ಮೊಬೈಲಿನಲ್ಲಿ ನೋಡಿ, ಮೆಚ್ಚಿ, ನಾಲ್ಕು ಜನರಿಗೆ ಕಳಿಸಿಯೂ ಇರುತ್ತೀರಿ. ಯಾವ ಊರಿನದು, ಯಾವ ವರ್ಷದ್ದು ಎಂಬುದು ಇಲ್ಲಿ ಮುಖ್ಯವಲ್ಲ. ಕೊಡಗಿನಲ್ಲಿ ಹೊಳೆಯಿರುವ ಊರಿಗೆಲ್ಲ ಇಂಥದೊಂದು ಚಿತ್ರ ಎಂದಾದರೊಂದು ದಿನ ಬಂದೇ ಬರುತ್ತದೆ. ದಡದುದ್ದಕ್ಕೂ ಇಂಟರ್‌ಲಾಕ್ ಹಾಸಿದ ನಡಿಗೆದಾರಿ, ಸ್ಟೀಲಿನ ಕಂಬಿ, ಬಣ್ಣಬಣ್ಣದ ಕಾರಂಜಿ, ಊರಿನ ಹೆಸರನ್ನು ಆಳೆತ್ತರದ ಅಕ್ಷರಗಳಲ್ಲಿ ನಿಲ್ಲಿಸಿ ಪಕ್ಕಕ್ಕೆ ಒಂದು ಕೆಂಪು ಹೃದಯ ಅಂಟಿಸಿದ ಸೆಲ್ಫಿ ಪಾಯಿಂಟ್. ಹರಿಯುವ ಹೊಳೆಯ ಪಕ್ಕದಲ್ಲಿ ಕಾರಂಜಿ ಯಾಕೆ ಎಂದು ಕೇಳುವವರನ್ನು ಅಭಿವೃದ್ಧಿ ವಿರೋಧಿಗಳೆಂದು ತಿಳಿಯತಕ್ಕದ್ದು.

ನಾನಂತೂ ಆ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ, ಬರೆದವರ ಪ್ರತಿಭೆಗೆ ತಲೆದೂಗಿದೆ. ನೀರು ಅಪ್ಪಟ ನೀಲಿ. ಆಕಾಶವೂ ನೀಲಿ. ಕೋಟು ತೊಟ್ಟ ಒಬ್ಬ ಮಹನೀಯರು, ಬಲೂನು ಹಿಡಿದ ಒಂದು ಮಗು, ಹಗ್ಗ ಕಟ್ಟಿಸಿಕೊಂಡ ಒಂದು ಬಿಳಿ ನಾಯಿ. ಯಾರ ಕೈಯಲ್ಲೂ ಕೊಡೆಯಿಲ್ಲ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಾವೇರಿ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿ, ಬುಡಸಮೇತ ಕಿತ್ತ ಬಿದಿರಿನ ಮೆಳೆಗಳನ್ನೂ ತೋಟದ ಬೇಲಿಯನ್ನೂ ಹೊತ್ತುಕೊಂಡು ಹೋಗುವುದನ್ನು ಕಂಡವರು ಈ ಚಿತ್ರ ಬರೆದಿದ್ದರೆ, ಆ ಮಹನೀಯರ ಕೋಟು ಸೊಂಟದವರೆಗೆ ನೆನೆದಿರುತ್ತಿತ್ತು, ನಾಯಿ ಸೆಲ್ಫಿ ಪಾಯಿಂಟಿನ ಹೃದಯದ ಮೇಲೆ ಹತ್ತಿ ಕೂತಿರುತ್ತಿತ್ತು.

ಚಿತ್ರದಲ್ಲಿ ಕಾಣದಿರುವ ಇನ್ನೊಂದು ವಸ್ತುವೆಂದರೆ ದಂಡೆ. ಹೊಳೆಮತ್ತಿ, ಅತ್ತಿ, ಹೊಂಗೆ, ಬಿದಿರು ಒಂದಕ್ಕೊಂದು ಹೆಣೆದುಕೊಂಡು ಬೇರಿನಿಂದ ಮಣ್ಣನ್ನು ಹಿಡಿದಿರುವ, ಆ ಬೇರಿನ ಸಂದಿಯಲ್ಲಿ ನೀರುನಾಯಿ ಮರಿ ಹಾಕುವ, ಕೆಳಗಿನ ನೆರಳಿನ ಮಡುವಿನಲ್ಲಿ ಮಹಶೀರ್ ಮೀನು ನಿಲ್ಲುವ ಆ ಜಾಗಕ್ಕೆ ಯೋಜನೆಯ ಕಡತದಲ್ಲಿ 'ಪೊದೆ' ಎಂದು ಹೆಸರು. ಪೊದೆ ಇರುವುದೇ ತೆರವಾಗಲಿಕ್ಕೆ. ಅದು ತೆರವಾದ ಮೇಲೆ ಮಣ್ಣು ಕುಸಿಯುತ್ತದೆ, ಕುಸಿದ ಮೇಲೆ ತಡೆಗೋಡೆ ಬೇಕಾಗುತ್ತದೆ, ತಡೆಗೋಡೆಗೆ ಟೆಂಡರು ಬೇಕಾಗುತ್ತದೆ. ಮರದ ಬೇರಿಗೆ ಬಿಲ್ಲು ಮಾಡಲು ಬಾರದು ಎಂಬುದು ಅದರ ಮೂಲಭೂತ ದೋಷ.

ತಡೆಗೋಡೆಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಕುಶಾಲನಗರದ ಹತ್ತಿರ ಹೊಳೆಯ ಈಚೆ ದಡ ಕೊಡಗು, ಸೇತುವೆ ದಾಟಿ ಕೊಪ್ಪಕ್ಕೆ ಹೋದರೆ ಮೈಸೂರು ಜಿಲ್ಲೆ. ಒಂದು ದಡಕ್ಕೆ ಕಾಂಕ್ರೀಟು ಎಬ್ಬಿಸಿದರೆ ತುಂಬಿದ ನೀರು ಎದುರು ದಡವನ್ನು ಒತ್ತುತ್ತದೆ ಎಂಬುದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ನಾವು ಗೋಡೆ ಕಟ್ಟಿದರೆ ಅವರೂ ಕಟ್ಟಬೇಕಾದೀತು, ಅವರು ನಮಗಿಂತ ಎರಡಡಿ ಎತ್ತರ ಕಟ್ಟಿದರೆ ನಾವು ಮೂರಡಿ ಏರಿಸಬೇಕಾದೀತು. ಅಂತರರಾಜ್ಯ ಜಲವಿವಾದದಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 284.75 ಟಿಎಂಸಿ ಎಂದು ಎರಡು ದಶಮಾಂಶದವರೆಗೆ ಲೆಕ್ಕ ಹಾಕಿ ಕೊಟ್ಟಿತು. ಅದೇ ವರ್ಷ ಆಗಸ್ಟಿನಲ್ಲಿ ಹೊಳೆ ಯಾವ ಲೆಕ್ಕವನ್ನೂ ಕೇಳದೆ ಕುಶಾಲನಗರದ ಬಡಾವಣೆಗಳ ಒಳಗೆ ಹೋಗಿ ಬಂತು, 2019ರಲ್ಲಿ ಮತ್ತೊಮ್ಮೆ ಹೋಯಿತು. ಹೊಳೆಯ ಪಕ್ಕದ ತಗ್ಗಿನಲ್ಲಿ ಹಿಂದಿನವರು ಗದ್ದೆ ಮಾಡಿ, ಮನೆಯನ್ನು ಮಾತ್ರ ಎತ್ತರದಲ್ಲಿ ಕಟ್ಟುತ್ತಿದ್ದರು. ನಾಲ್ಕು ದಿನ ನೀರು ನಿಂತರೆ ಗದ್ದೆ ಹೂಳು ಹಿಡಿದಿಟ್ಟುಕೊಳ್ಳುತ್ತದೆ. ಸೈಟು ಏನನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಅಲ್ಲಿ ಸೋಫಾ ಒಣಗಿಸಿದವರು ಹೇಳಬೇಕು.

ಇನ್ನು ಸಾರ್ವಜನಿಕರಿಗೆ ಪ್ರಕೃತಿಯ ಸಾಮೀಪ್ಯ ಒದಗಿಸುವ ಘನ ಉದ್ದೇಶ. ಹೊಳೆಗೆ ಇಳಿಯುವ ಹಳೆಯ ಓಣಿಗಳ ತುದಿಯಲ್ಲಿ ಈಗ ಒಂದು ಫಲಕ ನಿಂತಿರುತ್ತದೆ: ಅಪಾಯ, ನೀರಿಗೆ ಇಳಿಯಬಾರದು. ಇದರಲ್ಲಿ ತಪ್ಪಿಲ್ಲ; ಸುಳಿ ಗೊತ್ತಿಲ್ಲದೆ ಇಳಿದು ಜೀವ ಕಳೆದುಕೊಂಡ ಪ್ರವಾಸಿಗಳಿದ್ದಾರೆ. ಆದರೆ ಅದೇ ಕಂಬದಲ್ಲಿ ಅಂಗೈಯಗಲದ ಇನ್ನೊಂದು ಫಲಕ, ಅದರಲ್ಲೊಂದು ಬಾಣದ ಗುರುತು, ಬಾಣದ ತುದಿಗೆ ರಿವರ್ ವ್ಯೂ ರೆಸಾರ್ಟು. ಅಲ್ಲಿ ಕೋಣೆ ಹಿಡಿದವರಿಗೆ 'ಖಾಸಗಿ ಹೊಳೆದಂಡೆ' ಉಚಿತ. ದನ ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದ, ಬಟ್ಟೆ ಒಗೆಯುತ್ತಿದ್ದ, ಗಾಳ ಹಾಕುತ್ತಿದ್ದ ಊರಿನವರಿಗೆ ಪ್ರಾಣಾಪಾಯ ಒಡ್ಡುವ ಆ ನೀರು, ಬಾಡಿಗೆ ಕೊಟ್ಟವರ ಕಾಲಿಗೆ ತಾಗಿದೊಡನೆ ಸಾಧುವಾಗುವ ಪವಾಡವನ್ನು ತಲಕಾವೇರಿಯ ಮಹಾತ್ಮೆಗೆ ಸೇರಿಸಿಕೊಳ್ಳಬಹುದು.

ಬೆಂಗಳೂರಿನವರನ್ನು ದೂರುವುದು ನಮ್ಮಲ್ಲಿ ರೂಢಿ. ನಾನು ದೂರುವುದಿಲ್ಲ. ತುಲಾ ಸಂಕ್ರಮಣದ ಮುನ್ನಾದಿನ, 2024ರ ಅಕ್ಟೋಬರ್ 16ರಂದು, ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನೀರು ಆ ನಗರಕ್ಕೆ ಹರಿಯಲು ದಾರಿಯಾಯಿತು. ವಾರವೆಲ್ಲ ಆ ನೀರು ಕುಡಿದವರು ಶನಿವಾರ ಅದರ ಮೂಲವನ್ನು ನೋಡಬೇಕೆಂದು ಹೊರಟರೆ ಅದು ಕೃತಜ್ಞತೆಯೇ ಸರಿ. ಖಾಲಿ ಬಾಟಲಿಯನ್ನು ಇಲ್ಲಿಯೇ ಬಿಟ್ಟುಹೋಗುತ್ತಾರೆಂಬ ಆಕ್ಷೇಪಕ್ಕೆ, ನಮ್ಮ ಪೇಟೆಗಳ ಚರಂಡಿ ನೀರು ಯಾವ ಹೊಳೆ ಸೇರುತ್ತಿದೆ ಎಂದು ಅವರು ಮರುಪ್ರಶ್ನೆ ಹಾಕಿದರೆ ನಮ್ಮಲ್ಲಿ ಉತ್ತರವಿಲ್ಲ. ಕಾಡನ್ನು ದೇವರ ಹೆಸರಿಗೆ ಬಿಟ್ಟು ಸಾವಿರಕ್ಕೂ ಹೆಚ್ಚು ದೇವರಕಾಡುಗಳನ್ನು ಉಳಿಸಿಕೊಂಡ ಜಿಲ್ಲೆ ಇದು. ಹೊಳೆಯೋ, ಸಾಕ್ಷಾತ್ ಕುಲದೇವತೆ. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ಆಗುವ ತೀರ್ಥೋದ್ಭವದ ನೀರನ್ನು ಬಿಂದಿಗೆಯಲ್ಲಿ ತಂದು ಮನೆಯಲ್ಲಿ ಜೋಪಾನ ಮಾಡುತ್ತೇವೆ. ಆಕೆಯ ಹೆಸರಿಗೆ ಹತ್ತು ಮಾರು ದಂಡೆ ಬಿಡುವ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ. ದೇವರಕಾಡು ಉಂಟು, ದೇವರ ದಂಡೆ ಇಲ್ಲ.

ಇದುವರೆಗೆ ನಗುತ್ತಲೇ ಬರೆದೆ. ನಮ್ಮ ಸಿದ್ದಾಪುರದ ಹತ್ತಿರ ಹೊಳೆಯಂಚಿನಲ್ಲಿರುವ ಕರಡಿಗೋಡು, ಗುಹ್ಯ ಎಂಬ ಊರುಗಳ ಹೆಸರನ್ನು ಬರೆಯುವಾಗ ನಗು ಬರುವುದಿಲ್ಲ. ತೋಟದ ಕೂಲಿಯನ್ನೇ ನಂಬಿದ ಜನ, ಬೇರೆಲ್ಲೂ ಮೂರು ಸೆಂಟು ಸಿಗದೆ ಹೊಳೆಯಂಚಿನಲ್ಲಿ ಮನೆ ಕಟ್ಟಿಕೊಂಡರು. 2019ರ ಆಗಸ್ಟಿನಲ್ಲಿ ಮನೆಗಳು ಕೊಚ್ಚಿಹೋದವು. ಆಮೇಲೂ ಮಳೆಗಾಲ ಬಂತೆಂದರೆ ಇವರಿಗೆ ಜಾಗ ಖಾಲಿ ಮಾಡಿ ಎಂಬ ನೋಟಿಸು, ನೀರು ಏರಿದರೆ ಶಾಲೆಯ ಕೋಣೆಯಲ್ಲಿ ಕಾಳಜಿ ಕೇಂದ್ರ, ಇಳಿದ ಮೇಲೆ ಮತ್ತದೇ ಗೋಡೆಯ ಕೆಸರು. ಹೊಳೆದಂಡೆಯಲ್ಲಿ ತಗಡಿನ ಮನೆ ಕಟ್ಟಿದರೆ ಒತ್ತುವರಿ, ಗಾಜಿನ ಕಾಟೇಜು ಕಟ್ಟಿದರೆ ಪ್ರವಾಸೋದ್ಯಮ. ನಡಿಗೆದಾರಿಗೆ, ಕಾರಂಜಿಗೆ, ಹೃದಯಕ್ಕೆ ದುಡ್ಡು ಹೊಂದಿಸಬಲ್ಲವರಿಗೆ ಈ ಮನೆಗಳಿಗೆ ಎತ್ತರದಲ್ಲಿ ಒಂದಿಷ್ಟು ಪೈಸಾರಿ, ಅಂದರೆ ಸರ್ಕಾರಿ, ಜಾಗ ಹುಡುಕಿ ಕೊಡಲು ಇಷ್ಟು ಕಾಲ ಬೇಕಾಯಿತೆಂದರೆ ಅದನ್ನು ವಿಳಂಬ ಎನ್ನಲಾಗದು. ಅದು ಅಲಕ್ಷ್ಯ, ಅಷ್ಟೆ.

ಅಭಿವೃದ್ಧಿ ಮಾಡಲೇಬೇಕೆಂದಿದ್ದರೆ ಹೆಚ್ಚು ಖರ್ಚಿಲ್ಲದ ಒಂದು ಕೆಲಸ ಸೂಚಿಸುತ್ತೇನೆ. 2019ರ ಆಗಸ್ಟಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ದಡದುದ್ದಕ್ಕೂ ಕಲ್ಲು ನೆಟ್ಟು, ಒಳಗಿನದು ಹೊಳೆಗೆ, ಹೊಳೆಯ ಮರಗಳಿಗೆ, ನಡೆದುಬಂದು ನೋಡುವವರಿಗೆ ಎಂದು ಬರೆಯಲಿ. ಕಾಂಪೌಂಡಿನೊಳಗೆ ಸೇರಿಹೋದ ಹಳೆಯ ಓಣಿಗಳನ್ನು ಸರ್ವೆಯವರು ನಕ್ಷೆ ತೆಗೆದು ಬಿಡಿಸಲಿ. ಕೆಲವು ಕಲ್ಲುಗಳನ್ನು ಈಜುಕೊಳದ ನಡುವೆಯೋ ರೆಸಾರ್ಟಿನ ಊಟದ ಹಾಲಿನಲ್ಲೋ ನೆಡಬೇಕಾಗಿ ಬರಬಹುದು. ಅದಕ್ಕೆ ಅನುಮತಿ ಬೇಕಾದರೆ ಕಚೇರಿಗೆ ಅಲೆಯುವ ಅಗತ್ಯವಿಲ್ಲ, ಸಹಿ ಹಾಕಬೇಕಾದ ಸಾಹೇಬರು ಬಹಳ ಮಾಡಿ ಅಲ್ಲಿಯೇ ಊಟಕ್ಕೆ ಕುಳಿತಿರುತ್ತಾರೆ.