ಸತ್ಯಾಂಶ: ಭೂಮಿ ದೂರ ಸರಿದದ್ದಕ್ಕೆ ಚಳಿಯೇ?

‘ಅಫೀಲಿಯನ್ ಶುರುವಾಗಿದೆ, ಭೂಮಿ ಸೂರ್ಯನಿಂದ ಶೇ 66ರಷ್ಟು ದೂರ ಹೋಗಲಿದೆ, ಚಳಿ ಹೆಚ್ಚಿ ಕೆಮ್ಮು–ಜ್ವರ ಬರುತ್ತದೆ’ ಎಂಬ ಸಂದೇಶ ಪ್ರತಿವರ್ಷ ಮರಳಿ ಬರುತ್ತದೆ. ಅಫೀಲಿಯನ್ (ಭೂಮಿ ತನ್ನ ಕಕ್ಷೆಯಲ್ಲಿ ಸೂರ್ಯನಿಂದ ಅತಿ ದೂರ ಇರುವ ಬಿಂದು) ನಿಜ, ಲೆಕ್ಕ ತಪ್ಪು.

ಜುಲೈ ಮೊದಲ ವಾರದಲ್ಲಿ ಸೂರ್ಯ ಸುಮಾರು 15.2 ಕೋಟಿ ಕಿ.ಮೀ. ದೂರದಲ್ಲಿರುತ್ತಾನೆ, ಜನವರಿ ಆರಂಭದಲ್ಲಿ 14.7 ಕೋಟಿ. ವ್ಯತ್ಯಾಸ ಬರೀ ಶೇ 3ರಷ್ಟು. ಅಂದರೆ ಉತ್ತರಾರ್ಧಗೋಳದಲ್ಲಿ ಚಳಿಗಾಲ ಇರುವಾಗಲೇ ಸೂರ್ಯ ನಮಗೆ ಅತಿ ಹತ್ತಿರ! ಚಳಿಗೆ ಕಾರಣ ಭೂಮಿಯ ಅಕ್ಷದ 23.4 ಡಿಗ್ರಿ ಓರೆ: ಬಿಸಿಲು ಓರೆಯಾಗಿ ಬಿದ್ದು ಹೆಚ್ಚು ಜಾಗಕ್ಕೆ ಹರಡುತ್ತದೆ, ಹಗಲೂ ಕಿರಿದಾಗುತ್ತದೆ.

ಸಂದೇಶದಲ್ಲಿ ಮಾಮೂಲಿ ದೂರ ‘ಬೆಳಕಿಗೆ 5 ನಿಮಿಷ, 9 ಕೋಟಿ ಕಿ.ಮೀ.’ ಎಂದಿರುತ್ತದೆ. ಎಡವಟ್ಟು ಇಲ್ಲೇ. ನೀವೇ ಗುಣಿಸಿ ನೋಡಿ: ಸೂರ್ಯನ ಬೆಳಕು ನಮ್ಮನ್ನು ತಲುಪಲು ಸುಮಾರು 500 ಸೆಕೆಂಡು ಬೇಕು, ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಉತ್ತರ 15 ಕೋಟಿ. ಶಾಲೆಯ ವಿಜ್ಞಾನ ಪುಸ್ತಕದಲ್ಲೂ ಇದೇ ಅಂಕಿ ಸಿಗುತ್ತದೆ.

ಸಂದೇಶದಲ್ಲಿ ‘ನಾಳೆಯಿಂದ’ ಎಂದಿದ್ದು ಇಸವಿಯೇ ಇಲ್ಲದಿದ್ದರೆ ಅದರ ಒಂದು ಸಾಲನ್ನು ಇಂಟರ್ನೆಟ್‌ನಲ್ಲಿ ಹುಡುಕಿ. ಹಳೆಯ ಪ್ರತಿಗಳು ಕಣ್ಣಿಗೆ ಬೀಳುತ್ತವೆ. ಇನ್ನು ನೆಗಡಿ, ಫ್ಲೂ ಹರಡುವುದು ವೈರಸ್‌ನಿಂದ. ನಾಳೆ ಸ್ವೆಟರ್ ಬೇಕೇ ಎಂದು ತಿಳಿಯಲು ನಿಮ್ಮೂರಿನ ಹವಾಮಾನ ಇಲಾಖೆಯ ಕನಿಷ್ಠ ತಾಪಮಾನದ ಮುನ್ಸೂಚನೆ ನೋಡಿದರೆ ಸಾಕು.