ನಮ್ಮೂರಿನ ಮರಿ ಟ್ರ್ಯಾಕ್ಟರ್

ಟ್ರ್ಯಾಕ್ಟರ್ ಮನೆ ಮುಂದೆ ಬಂದು ನಿಂತ ದಿನ ಅವ್ವ ಆರತಿ ತಟ್ಟೆ ತಂದಳು. ಎದುರು ಮನೆ ಕಾಕಾ ಕಟ್ಟೆಯಿಂದ ಇಳಿದು ಬಂದು ಅದಕ್ಕೆ ಒಂದು ಸುತ್ತು ಹಾಕಿದರು. ಅವರ ಅಂಗಳದಲ್ಲಿ 50 ಎಚ್‌ಪಿ ಗಾಡಿ ಇದೆ. ಅದರ ಹಿಂದಿನ ಗಾಲಿಯೇ ನಮ್ಮ ಬಾನೆಟ್‌ಗಿಂತ ಎತ್ತರ.

‘ಏನಪಾ ತಮ್ಮಾ, ಇದನ್ನ ಹಾಲ್ ಬಿಡಿಸಿ ತಂದೀಯೋ, ಇನ್ನೂ ಹಾಲ್ ಕುಡೀತೈತೋ?’

ಕಟ್ಟೆ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಊರಲ್ಲಿ ಅದರ ಹೆಸರು ‘ಮರಿ’. ‘ಮರಿ ಎಲ್ಲಿ ಹೊಂಟೈತಿ?’ ‘ಮರಿಗೆ ಡೀಸೆಲ್ ಹಾಕಿಸಿದ್ಯಾ?’ ಕಂಪನಿ ಇಟ್ಟ ಹೆಸರು ಈಗ ನನ್ನ ಬಾಯಿಗೂ ಬರುವುದಿಲ್ಲ.

ಇದು 2022ರ ಬೇಸಿಗೆಯ ಮಾತು. ಈಗ ಸಣ್ಣ ಟ್ರ್ಯಾಕ್ಟರ್ ತಗೊಳ್ಳೋಣವಾ ಬೇಡವಾ ಅಂತ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಗದಗ ಕಡೆಯವರು ಕೇಳುತ್ತಾರೆ, ಕಲಘಟಗಿಯಲ್ಲಿ ಮಾವಿನ ತೋಟ ಇರುವವರು ಕೇಳುತ್ತಾರೆ, ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಾ ಊರಿನ ನಾಲ್ಕೆಕರೆ ಬಿಡಲಾಗದವರೂ ಕೇಳುತ್ತಾರೆ. ಎಲ್ಲರಿಗೂ ಬೇರೆ ಬೇರೆ ಉತ್ತರ ಕೊಟ್ಟು ಸಾಕಾಯಿತು. ಒಂದೇ ಸಲ ಬರೆದುಬಿಡುತ್ತೇನೆ.

ನಮ್ಮದು ಶಿಗ್ಗಾಂವಿ ತಾಲ್ಲೂಕು. ಆರೂವರೆ ಎಕರೆ, ಮೂರು ತುಂಡು. ಒಂದು ಎರೆ (ಕಪ್ಪು ಮಣ್ಣಿನ) ಹೊಲ, ಒಂದು ಮಸಾರಿ (ಕೆಂಪು ಮಣ್ಣಿನದು), ಇನ್ನೊಂದು ಅಣ್ಣ-ತಮ್ಮಂದಿರ ಪಾಲಿನಲ್ಲಿ ಬಂದ ಉದ್ದನೆಯ ಪಟ್ಟಿ. ಆ ಪಟ್ಟಿಯಲ್ಲಿ ದೊಡ್ಡ ಟ್ರ್ಯಾಕ್ಟರ್ ತಿರುಗಿಸಬೇಕೆಂದರೆ ಪಕ್ಕದವರ ಬದುವಿಗೆ ಗಾಲಿ ಹಾಕಲೇಬೇಕು. ವರ್ಷಕ್ಕೊಂದು ಜಗಳ ಖಾಯಂ ಇತ್ತು. ಹಾಕುವುದು ಗೋವಿನಜೋಳ (ಮೆಕ್ಕೆಜೋಳ), ಹತ್ತಿ, ಒಂದಿಷ್ಟು ಮೆಣಸಿನಗಿಡ. 2018ರವರೆಗೆ ಮನೆಯಲ್ಲಿ ಎತ್ತು ಇದ್ದವು. ಒಂದು ಎತ್ತು ತೀರಿಕೊಂಡಿತು, ಜೋಡಿ ಸಿಗಲಿಲ್ಲ. ಅಪ್ಪನ ಮೊಣಕಾಲೂ ಮೊದಲಿನಂತೆ ಇರಲಿಲ್ಲ. ಇನ್ನೊಂದನ್ನೂ ಮಾರಿದೆವು. ಆಮೇಲೆ ನಾಲ್ಕು ವರ್ಷ ಬಾಡಿಗೆ ಟ್ರ್ಯಾಕ್ಟರ್‌ನಲ್ಲೇ ಒಕ್ಕಲುತನ.

ಬಾಡಿಗೆಯಲ್ಲಿ ದುಡ್ಡಿನದು ದೊಡ್ಡ ವಿಷಯವೇ ಅಲ್ಲ. ಕಷ್ಟ ಇರುವುದು ಹದದಲ್ಲಿ.

ಎರೆ ಹೊಲ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ನಿಂತ ದಿನ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಬಿಸಿಲು ಬಿದ್ದರೆ ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಹದ ಬರುತ್ತದೆ. ಒಂದು ಹಿಡಿ ಮಣ್ಣು ಅಮುಕಿ ಕೈ ಬಿಚ್ಚಿದರೆ ಉಂಡೆ ನಿಲ್ಲಬೇಕು, ಹೆಬ್ಬೆರಳು ತಾಗಿಸಿದರೆ ಉದುರಬೇಕು. ಆ ಹದ ಎರಡು ದಿನ, ಹೆಚ್ಚೆಂದರೆ ಮೂರು ದಿನ. ಆಮೇಲೆ ಮೇಲ್ಪದರ ಹೆಂಚಿನಂತೆ ಗಟ್ಟಿ, ಕುಂಟಿ (ಮಣ್ಣು ಕೆದಕುವ ಸಲಕರಣೆ) ಹೊಡೆದರೆ ಹೆಂಟೆ ಏಳುತ್ತದೆ. ಜುಲೈನಲ್ಲಿ ಪುನರ್ವಸು, ಪುಷ್ಯ ಮಳೆ ಜಿಟಿಜಿಟಿ ಹಿಡಿದರೆ ಆ ಎರಡು ದಿನವೂ ಸಿಗುವುದಿಲ್ಲ. ಎಡೆ ಹೊಡೆಯಲು, ಅಂದರೆ ಬೆಳೆಯ ಸಾಲುಗಳ ನಡುವೆ ಕುಂಟಿ ಎಳೆದು ಕಳೆ ತೆಗೆಯಲು, ಒಂದು ಮಧ್ಯಾಹ್ನ ಸಿಕ್ಕರೆ ಪುಣ್ಯ.

ಈಗ ಆ ಮಧ್ಯಾಹ್ನ ಬಾಡಿಗೆ ಟ್ರ್ಯಾಕ್ಟರ್‌ನವನಿಗೆ ಫೋನ್ ಮಾಡಿ ನೋಡಿ. ‘ನಾಳಿ ಮುಂಜಾನೆ ಬರ್ತೀನ್ರೀ ಅಣ್ಣಾರ’ ಅನ್ನುತ್ತಾನೆ. ಅವನು ಸುಳ್ಳುಗಾರ ಅಲ್ಲ. ಅವನಿಗೆ ಅವತ್ತೇ ಇನ್ನೂ ಹನ್ನೆರಡು ಫೋನ್ ಬಂದಿರುತ್ತವೆ. ಹೋಬಳಿಗೊಂದು ಬಾಡಿಗೆ ಕೇಂದ್ರ ಇರಲಿ ಅಂತ ಸರ್ಕಾರ 2014-15ರಲ್ಲಿ ಕೃಷಿ ಯಂತ್ರಧಾರೆ ಶುರು ಮಾಡಿತು. ಒಳ್ಳೆಯ ಯೋಜನೆ, ನಾನೂ ಬಳಸಿದ್ದೇನೆ. ಆದರೆ ಹದ ಅನ್ನುವುದು ಇಡೀ ಹೋಬಳಿಗೆ ಒಂದೇ ದಿನ ಬರುತ್ತದೆ. ಯಾರು ಏನು ಮಾಡಿದರೂ ಒಂದು ಗಾಡಿ ಇಪ್ಪತ್ತು ಹೊಲದಲ್ಲಿ ಒಟ್ಟಿಗೆ ಓಡುವುದಿಲ್ಲ. ಎರಡು ವರ್ಷ ನಮ್ಮ ಗೋವಿನಜೋಳದಲ್ಲಿ ಕಳೆಯೇ ಮೇಲಾಯಿತು. ಆಮೇಲೆ ಆಳು ಹಚ್ಚಿ ತೆಗೆಸಿದ ಖರ್ಚು ಬೇರೆ.

ಹಾಗಾಗಿ ಸ್ವಂತದ್ದು ಅಂತ ತೀರ್ಮಾನ ಮಾಡಿದ್ದೇ ಎಡೆ ಹೊಡೆಯುವುದಕ್ಕೆ. ಇದು ನೆನಪಿರಲಿ, ಯಾಕೆಂದರೆ ಆಮೇಲೆ ನಾನೇ ಮರೆತು ಒದ್ದಾಡಿದೆ.

ನಮ್ಮದು 24 ಎಚ್‌ಪಿ, ನಾಲ್ಕೂ ಗಾಲಿಗೆ ಡ್ರೈವ್. ಒಂದು ಮಾತು ಶೋರೂಮಿನಲ್ಲಿ ಜೋರಾಗಿ ಹೇಳುವುದಿಲ್ಲ: 24 ಅನ್ನುವುದು ಇಂಜಿನ್ ಲೆಕ್ಕ. ಹಿಂದೆ ಪಿಟಿಒದಲ್ಲಿ, ಅಂದರೆ ಇಂಜಿನ್ ಶಕ್ತಿಯನ್ನು ಸಲಕರಣೆಗೆ ಕೊಡುವ ಶಾಫ್ಟಿನಲ್ಲಿ, ರೋಟರ್ (ಮಣ್ಣು ಪುಡಿ ಮಾಡುವ ಯಂತ್ರ) ತಿರುಗಿಸಲು ಸಿಗುವುದು ಅದಕ್ಕಿಂತ ಕಡಿಮೆ. ‘ಎಲ್ಲಾ ಕೆಲಸ ಮಾಡ್ತದ್ರೀ ಸರ್’ ಅಂದ ಸೇಲ್ಸ್ ಹುಡುಗ. ಮಾಡುತ್ತದೆ, ಹೌದು. ಹೇಗೆ ಮಾಡುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಹೊಲಕ್ಕಿಳಿಸಿದ ಮೇಲೆ ಗೊತ್ತಾದ ಮೊದಲ ಸಂಗತಿ, ಗಾಲಿ ಸಾಲಿಗೆ ಹೊಂದುತ್ತಿಲ್ಲ. ನಾವು ತಲೆತಲಾಂತರದಿಂದ ಗೋವಿನಜೋಳ ಬಿತ್ತುವುದು ಎರಡಡಿ ಸಾಲಿಗೆ. ಟೇಪ್ ಹಿಡಿದು ಅಳೆದೆ. ಹಿಂದಿನ ಒಂದು ಗಾಲಿಯ ನಡುವಿನಿಂದ ಇನ್ನೊಂದರ ನಡುವಿಗೆ ಎರಡೂವರೆ ಅಡಿ. ಒಂದು ಸಾಲನ್ನು ಹೊಟ್ಟೆ ಕೆಳಗೆ ಬಿಟ್ಟುಕೊಂಡು ಹೋಗೋಣವೆಂದರೆ ಗಾಲಿ ಪಕ್ಕದ ಗಿಡದ ಬುಡಕ್ಕೆ ತಾಗುತ್ತದೆ. ಎರಡು ಸಾಲು ಬಿಟ್ಟುಕೊಂಡು ಹೋಗಲು ನಾಲ್ಕಡಿ ಬೇಕು, ಅಷ್ಟು ಅಗಲ ಅದಕ್ಕಿಲ್ಲ. ಏಳು ಲಕ್ಷದ ಸರಂಜಾಮು ಬದುವಿನ ಮೇಲೆ ನಿಂತಿದೆ, ನಾನು ಟೇಪ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದೇನೆ. ಅಪ್ಪ ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಯಿತು.

ಮರು ವರ್ಷ ಸಾಲನ್ನೇ ಬದಲಿಸಿದೆವು. ಎರಡೂವರೆ ಅಡಿ, ಅಂದರೆ 75 ಸೆಂಟಿಮೀಟರ್. ಸಾಲು ದೂರ ಆದರೆ ಗಿಡ ಕಡಿಮೆ ಆಗುತ್ತವೆ ಅಂತ ಅಪ್ಪನ ತಕರಾರು. ಅದಕ್ಕೆ ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಇದ್ದದ್ದನ್ನು 16ಕ್ಕೆ ಇಳಿಸಿದೆವು. ಗುಣಿಸಿ ನೋಡಿ, 60 ಇಂಟು 20 ಅಂದರೂ ಅಷ್ಟೇ, 75 ಇಂಟು 16 ಅಂದರೂ ಅಷ್ಟೇ. ಎಕರೆಗೆ 33 ಸಾವಿರ ಚಿಲ್ಲರೆ ಗಿಡ ಎರಡರಲ್ಲೂ ಕೂರುತ್ತವೆ. ಈ ಲೆಕ್ಕವನ್ನು ಅಪ್ಪನಿಗೆ ಗೋಡೆ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದೆ. ಅದು ಇನ್ನೂ ಅಲ್ಲೇ ಇದೆ. ಅವ್ವ ಅಳಿಸಲು ಬಿಟ್ಟಿಲ್ಲ.

ಜೊತೆಗೆ ಬಂದ ಟಿಲ್ಲರ್ ನಮ್ಮ ಎಡೆಗೆ ಹೊಂದಲಿಲ್ಲ. ಊರ ಹತ್ತಿರದ ವೆಲ್ಡಿಂಗ್ ಅಂಗಡಿಯವನು ಎತ್ತಿನ ಎಡೆಕುಂಟಿ ನೋಡಿಕೊಂಡು, ಮೂರು ಕುಡ ಜೋಡಿಸಿ, ಲಿಫ್ಟ್‌ಗೆ ಸಿಕ್ಕಿಸುವಂತೆ ಒಂದು ಕುಂಟಿ ಮಾಡಿಕೊಟ್ಟ. ಎರಡು ದಿನದ ಕೆಲಸ. ನಮ್ಮ ಭಾಗದಲ್ಲಿ ಈ ಕೈಚಳಕ ಮೊದಲಿನಿಂದಲೂ ಇದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಬಿತ್ತುವ ಕೂರಿಗೆಯಿಂದ ಹಿಡಿದು ಹುಣಸೆ ಬೀಜ ಬೇರ್ಪಡಿಸುವ ಯಂತ್ರದವರೆಗೆ ಮಾಡಿ 2022ರಲ್ಲಿ ಪದ್ಮಶ್ರೀ ಪಡೆದರಲ್ಲ, ಅದೇ ನಾನು ಟ್ರ್ಯಾಕ್ಟರ್ ತಂದ ವರ್ಷ. ನಮ್ಮ ಮಣ್ಣಿನ ಕಷ್ಟ ನಮ್ಮ ಮಣ್ಣಿನಲ್ಲಿ ನಡೆದವನಿಗೇ ಗೊತ್ತು. ಸಣ್ಣ ಟ್ರ್ಯಾಕ್ಟರ್ ತರುವವರು ಅಟ್ಯಾಚ್‌ಮೆಂಟ್‌ಗಳನ್ನೆಲ್ಲ ಒಟ್ಟಿಗೆ ಕಂತಿನಲ್ಲಿ ಸೇರಿಸಿಕೊಳ್ಳಬೇಡಿ. ಒಂದು ಸೀಜನ್ ಓಡಿಸಿ, ಆಮೇಲೆ ಬೇಕಾದದ್ದು ಮಾಡಿಸಿಕೊಳ್ಳಿ.

ಈಗ ಎಡೆ ಹೊಡೆಯುವುದು ನೋಡಲೇ ಚೆಂದ. ಗಿಡ ಮೊಣಕಾಲೆತ್ತರ ಆಗುವವರೆಗೆ ಆರಾಮಾಗಿ ಹೊಟ್ಟೆ ಕೆಳಗೆ ನುಸುಳುತ್ತದೆ. ಅದಕ್ಕಿಂತ ಎತ್ತರವಾದರೆ ಸುಳಿ ಮುರಿಯುತ್ತದೆ, ಆಸೆ ಮಾಡಬಾರದು. ಮುಂಜಾನೆ ಏಳಕ್ಕೆ ಇಳಿಸಿದರೆ ಊಟದ ಹೊತ್ತಿಗೆ ಎರಡೆಕರೆಗೆ ಮೋಸವಿಲ್ಲ. ಸಾಲಿನ ಕೊನೆಗೆ ಬಂದಾಗ ಕುಂಟಿ ಎತ್ತಿ, ಒಂದೇ ಕಡೆಯ ಬ್ರೇಕ್ ತುಳಿದರೆ ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಬದುವಿನ ಜಗಳ ಮುಗಿದ ಮೇಲೆ ಪಕ್ಕದ ಹೊಲದವರು ಈಗ ನಮಗೆ ಸೌತೆಕಾಯಿ ಕೊಡುತ್ತಾರೆ.

ಇನ್ನು ನನ್ನ ತಪ್ಪುಗಳ ಕಥೆ.

ಮೊದಲ ವರ್ಷ ಹುರುಪು. ನಾಲ್ಕು ಗಾಲಿ ಡ್ರೈವ್ ಇದೆಯಲ್ಲ ಅಂತ ಮಳೆ ಬಿಟ್ಟ ಮಾರನೇ ದಿನವೇ ಎರೆ ಹೊಲಕ್ಕೆ ಇಳಿಸಿದೆ. ಗಾಲಿಯ ಹಲ್ಲಿನ ಸಂದಿಗೆಲ್ಲ ಮಣ್ಣು ತುಂಬಿ ನಾಲ್ಕೂ ಗಾಲಿ ನುಣ್ಣಗೆ ಗಡಿಗೆಯಂತಾದವು. ಹತ್ತು ಮಾರು ಹೋಗುವಷ್ಟರಲ್ಲಿ ಕೂತಿತು. ಬಿಡಿಸಲು ಹೋದಷ್ಟೂ ಇಳಿಯಿತು. ಕೊನೆಗೆ ಅದನ್ನು ಎಳೆದದ್ದು ಯಾವುದು ಗೊತ್ತಾ? ಊರಲ್ಲಿ ಉಳಿದಿರುವ ಎರಡೋ ಮೂರೋ ಜೋಡಿ ಎತ್ತುಗಳಲ್ಲಿ ಒಂದು ಜೋಡಿ. ಆ ಫೋಟೊ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಕಾರಹುಣ್ಣಿಮೆಗೆ ತಪ್ಪದೆ ಪ್ರತಿ ವರ್ಷ ಬರುತ್ತದೆ.

ಎರಡನೆಯದು ಟ್ರೇಲರ್. ಗೋವಿನಜೋಳದ ಚೀಲ ಹೇರಿಕೊಂಡು ಹಳ್ಳದ ದಿಬ್ಬ ಹತ್ತುವಾಗ ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರವಾಯಿತು. ನೋಡಿದರೆ ಮುಂದಿನ ಗಾಲಿಗಳು ನೆಲ ಬಿಟ್ಟಿವೆ. ಮರಿ ಮೂತಿ ಎತ್ತಿ ಆಕಾಶ ನೋಡುತ್ತಿತ್ತು. ಕ್ಲಚ್ ಒತ್ತಿದೆ, ದೇವರು ದೊಡ್ಡವನು, ಧಪ್ ಅಂತ ಕೆಳಗೆ ಕೂತಿತು. ಇಂಜಿನ್ ಎಳೆಯುತ್ತದೆ, ಅದು ಸಮಸ್ಯೆಯಲ್ಲ. ಆದರೆ ಗಾಡಿಯ ತೂಕ ದೊಡ್ಡದರ ಅರ್ಧದಷ್ಟೂ ಇಲ್ಲ, ಹಿಂದೆ ಭಾರ ಜಗ್ಗಿದರೆ ಮುಂದೆ ಹಿಡಿದುಕೊಳ್ಳಲು ಏನೂ ಇಲ್ಲ. ಈಗ ಮುಂದೆ ಕಬ್ಬಿಣದ ವೇಟ್ ಹಾಕಿಸಿದ್ದೇನೆ, ಚೀಲ ಅರ್ಧಕ್ಕೆ ಇಳಿಸಿದ್ದೇನೆ. ಎರಡು ಟ್ರಿಪ್ ಆಗಲಿ ಬಿಡಿ.

ಮೂರನೆಯದು ಪಲ್ಟಿ, ಅಂದರೆ ನೇಗಿಲು ಹಾಕಿ ಮಣ್ಣು ಮಗುಚುವುದು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಯನ್ನು ಆಳವಾಗಿ ಪಲ್ಟಿ ಹೊಡೆಯುವುದು ಸಣ್ಣ ಗಾಡಿಯ ಕೆಲಸವೇ ಅಲ್ಲ. ಒಂದು ದಿನ ಪ್ರಯತ್ನ ಪಟ್ಟೆ. ಇಂಜಿನ್ ಅಳುತ್ತಿತ್ತು, ಗಾಲಿ ನಿಂತಲ್ಲೇ ತಿರುಗುತ್ತಿತ್ತು, ಟೈರ್ ಸವೆಯುವುದು ಕಣ್ಣಿಗೇ ಕಾಣುತ್ತಿತ್ತು. ಅದಕ್ಕೆ ದೊಡ್ಡದನ್ನೇ ಬಾಡಿಗೆಗೆ ಕರೆಯಿರಿ. ಬೇಸಿಗೆಯ ಕೆಲಸಕ್ಕೆ ಹದದ ಅವಸರ ಇರುವುದಿಲ್ಲ, ಇವತ್ತಲ್ಲ ಮುಂದಿನ ವಾರ ಬಂದರೂ ನಡೆಯುತ್ತದೆ. ಅವಸರದ ಕೆಲಸಕ್ಕೆ ಸ್ವಂತದ್ದು, ಭಾರದ ಕೆಲಸಕ್ಕೆ ಬಾಡಿಗೆಯದು. ನನಗೆ ಇಷ್ಟು ಅರ್ಥವಾಗಲು ಎರಡು ವರ್ಷ ಹಿಡಿಯಿತು.

ರೋಟರ್ ಬಗ್ಗೆ ಬರೆಯಲು ಹೋದರೆ ಬೈಗುಳವೇ ಆಗುತ್ತದೆ. ನಮ್ಮ ಜನಕ್ಕೆ ರೋಟರ್ ಹುಚ್ಚು ಹಿಡಿದಿದೆ. ಹೊಲ ಹಿಟ್ಟಿನಂತೆ ಕಂಡರೆ ಖುಷಿ. ಒಂದು ದೊಡ್ಡ ಮಳೆ ಬಿದ್ದರೆ ಆ ಹಿಟ್ಟು ಮೇಲೆ ಹಪ್ಪಳ ಕಟ್ಟುತ್ತದೆ, ಮೊಳಕೆ ಮೇಲೆ ಬರಲು ಒದ್ದಾಡುತ್ತದೆ. ವರ್ಷಕ್ಕೆ ಒಂದು ಸಲ ಹೊಡೆದರೆ ಸಾಕು ಅಂತ ನನ್ನ ಅಭಿಪ್ರಾಯ. ಬೇರೆ ಅಭಿಪ್ರಾಯ ಇರುವವರು ಕಮೆಂಟಿನಲ್ಲಿ ಜಗಳಕ್ಕೆ ಬನ್ನಿ.

ಅದಿರಲಿ, ರೋಟರ್ ಶಾಫ್ಟ್ ಬಗ್ಗೆ ಮಾತ್ರ ಜಗಳ ಬೇಡ, ಕೇಳಿ. ಪಿಟಿಒ ನಿಮಿಷಕ್ಕೆ 540 ಸುತ್ತು. ಸೆಕೆಂಡಿಗೆ ಒಂಬತ್ತು. ಒಂದು ದಿನ ಇಂಜಿನ್ ಆಫ್ ಮಾಡದೆ ಹಿಂದೆ ಬಗ್ಗಿದೆ, ಹೆಗಲ ಮೇಲಿನ ಟವೆಲ್ ಜಾರಿತು. ಜಾರಿದ್ದು ಗೊತ್ತು, ಆಮೇಲೆ ಶಾಫ್ಟಿಗೆ ಹಗ್ಗದಂತೆ ಬಿಗಿಯಾಗಿ ಸುತ್ತಿಕೊಂಡಿದ್ದು ಗೊತ್ತು. ನಡುವೆ ಏನಾಯಿತೋ ಕಣ್ಣಿಗೆ ಕಾಣಲೇ ಇಲ್ಲ. ಅದು ಕೊರಳಿಗೆ ಸುತ್ತಿದ ಟವೆಲ್ ಆಗಿದ್ದರೆ ಈ ಪೋಸ್ಟ್ ಇರುತ್ತಿರಲಿಲ್ಲ. ಶಾಫ್ಟಿನ ಪ್ಲಾಸ್ಟಿಕ್ ಕವರ್ ತೆಗೆದು ಅಟ್ಟಕ್ಕೆ ಎಸೆದವರು ಇವತ್ತೇ ಹುಡುಕಿ ಹಾಕಿಸಿ. ರಸ್ತೆಗೆ ಬರುವ ಮೊದಲು ಎರಡೂ ಬ್ರೇಕ್ ಪೆಡಲ್ ಸೇರಿಸುವ ಆ ಸಣ್ಣ ಪಟ್ಟಿಯನ್ನು ಹಾಕಿಕೊಳ್ಳಿ. ಹೊಲದಲ್ಲಿ ಬುಗುರಿಯಂತೆ ತಿರುಗುವುದು ಚೆಂದ, ಹೈವೇಯಲ್ಲಿ ಅಲ್ಲ.

ಈಗ ದುಡ್ಡಿನ ಮಾತು. ಗಾಡಿ, ರೋಟರ್, ಟಿಲ್ಲರ್ ಎಲ್ಲಾ ಸೇರಿ ಏಳು ಲಕ್ಷ ಮುಟ್ಟಿತು. ನಾನು ತಗೊಂಡಾಗ ಟ್ರ್ಯಾಕ್ಟರ್ ಮೇಲೆ ಜಿಎಸ್‌ಟಿ ಶೇ. 12 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ. 5 ಆಗಿದೆ. ಈಗ ತಗೊಳ್ಳುವವರು ಪುಣ್ಯವಂತರು, ನನ್ನ ಮುಂದೆ ಮಾತ್ರ ಆ ವಿಷಯ ತೆಗೆಯಬೇಡಿ. ವರ್ಷಕ್ಕೆ ನಮ್ಮದು ಓಡುವುದು 180 ಗಂಟೆಯ ಆಸುಪಾಸು. ಗಂಟೆಗೆ ಎರಡು ಲೀಟರ್ ಅಂತ ಹಿಡಿದರೂ ಡೀಸೆಲ್‌ಗೇ ಮೂವತ್ತು ಸಾವಿರದ ಮೇಲೆ. ಆಯಿಲ್, ಫಿಲ್ಟರ್, ಇನ್ಶೂರೆನ್ಸ್, ಸಣ್ಣಪುಟ್ಟ ರಿಪೇರಿ ಹತ್ತು-ಹನ್ನೆರಡು ಸಾವಿರ. ಕಂತು ವರ್ಷಕ್ಕೆ ಲಕ್ಷದ ಇಪ್ಪತ್ತು. ಅದೇ ಕೆಲಸ ಬಾಡಿಗೆಯಲ್ಲಿ ಮಾಡಿಸಿದ್ದರೆ ಎಂಬತ್ತು ಸಾವಿರದಲ್ಲಿ ಮುಗಿಯುತ್ತಿತ್ತು. ಅಂದರೆ ಸಾಲ ತೀರುವವರೆಗೆ ಲೆಕ್ಕದಲ್ಲಿ ನಾನು ಸೋತವನೇ. ‘ಟ್ರ್ಯಾಕ್ಟರ್ ತನ್ನ ಕಂತು ತಾನೇ ದುಡೀತದ’ ಅಂತ ಯಾರಾದರೂ ಹೇಳಿದರೆ ಅವರಿಗೆ ಎಷ್ಟು ಎಕರೆ ಇದೆ ಅಂತ ಮೊದಲು ಕೇಳಿ. ಕಳೆ ತೆಗೆಸುವ ಕೂಲಿ ಉಳಿದದ್ದು, ಹದಕ್ಕೆ ಸರಿಯಾಗಿ ಬಿತ್ತಿದ್ದಕ್ಕೆ ಬಂದ ನಾಲ್ಕು ಚೀಲ ಜಾಸ್ತಿ ಫಸಲು, ಇವನ್ನೂ ಸೇರಿಸಿದರೆ ಹೆಚ್ಚೂಕಡಿಮೆ ಸಮ. ಮಳೆ ಕೈಕೊಟ್ಟ 2023ರಲ್ಲಿ ಅದೂ ಇಲ್ಲ. ಬರದ ವರ್ಷ ಕಂತಿಗೆ ಅವ್ವನ ಬಳೆ ಅಡ ಇಟ್ಟೆವು, ಅದನ್ನು ಮುಚ್ಚಿಡುವುದಿಲ್ಲ.

ಇನ್ನೊಂದು ಲೆಕ್ಕ ಯಾವ ಪಾಸ್‌ಬುಕ್ಕಿನಲ್ಲೂ ಇಲ್ಲ. ಎತ್ತು ಹೋದ ಮೇಲೆ ಸಗಣಿ ಗೊಬ್ಬರ ಹೋಯಿತು. ಈಗ ಗೊಬ್ಬರ ಕೊಂಡು ತರುತ್ತೇವೆ, ಅದನ್ನು ಹೇರಿಕೊಂಡು ಬರುವುದು ಮರಿಯೇ. ಅಪ್ಪ ಇದನ್ನು ನೋಡಿ ನಗುತ್ತಾನೆ. ‘ಎತ್ತು ಹುಲ್ಲ ತಿಂದು ಗೊಬ್ಬರ ಹಾಕತಿತ್ತು. ಇದು ಡೀಸೆಲ್ ಕುಡದು ಬರೇ ಹೊಗಿ ಬಿಡತೈತಿ.’ ಇದಕ್ಕೆ ನನ್ನ ಬಳಿ ಉತ್ತರ ಇಲ್ಲ.

ಮೊನ್ನೆ ಜುಲೈನಲ್ಲಿ ಎದುರು ಮನೆ ಕಾಕಾ ಬಂದರು. ಮಳೆ ಒಂದು ದಿನ ಬಿಡುವು ಕೊಟ್ಟಿತ್ತು. ಅವರ ಮೆಣಸಿನಗಿಡದಲ್ಲಿ ಕಳೆ ಎದ್ದಿತ್ತು, 50 ಎಚ್‌ಪಿ ಗಾಡಿ ಅಂಗಳದಲ್ಲಿ ಸುಮ್ನೆ ನಿಂತಿತ್ತು, ಅದು ಎಡೆಗೆ ಇಳಿಯುವುದಿಲ್ಲ. ಕಟ್ಟೆ ಮೇಲೆ ಕೂತು ಎಲೆ-ಅಡಿಕೆ ಹಾಕಿಕೊಂಡರು, ಊರ ಸುದ್ದಿ ಎಲ್ಲಾ ಮಾತಾಡಿದರು.

‘ತಮ್ಮಾ, ನಿನ್ನ ಮರಿ ಖಾಲಿ ಐತೇನು?’

‘ಹಾಲ್ ಕುಡ್ಯಾಕತ್ತೈತ್ರೀ ಕಾಕಾ, ಒಂದ್ ತಾಸು ತಡೀರಿ’ ಅಂದೆ.

ನಕ್ಕರು. ಮಧ್ಯಾಹ್ನ ಹೋಗಿ ಮೂರೆಕರೆ ಎಡೆ ಹೊಡೆದುಕೊಟ್ಟೆ. ದುಡ್ಡು ಕೊಡಲು ಬಂದರು, ಬೇಡ ಅಂದೆ. ಬೇಸಿಗೆಗೆ ನಮ್ಮ ಎರೆ ಹೊಲ ಪಲ್ಟಿ ಹೊಡೆದುಕೊಡಿ, ಮುಯ್ಯಿ ಆಗಲಿ ಅಂದೆ. ಮೊದಲು ಎತ್ತಿನ ಮುಯ್ಯಿ ಇತ್ತಲ್ಲ, ಹಾಗೆ. ಒಪ್ಪಿದರು. ಆದರೆ ಒಂದೆಕರೆ ಪಲ್ಟಿಗೆ ಎಷ್ಟು ಎಕರೆ ಎಡೆ ಸಮ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಅವರು ನಾಲ್ಕು ಅನ್ನುತ್ತಾರೆ, ನಾನು ಎರಡೂವರೆಗೆ ನಿಂತಿದ್ದೇನೆ. ನಿಮ್ಮ ಕಡೆ ಏನು ರೇಟು ನಡೀತಿದೆ ಹೇಳಿ, ಕಾಕಾಗೆ ತೋರಿಸಬೇಕು.