ಸಂಗೀತ ಪತ್ರಿಕೆ ಮಾಡುವ ಮಕ್ಕಳ ಕೈಗೆ ಮೊದಲು ಅಡಿಪಟ್ಟಿ ಕೊಡೋಣ

ಕಳೆದ ಮೂರು ತಿಂಗಳಿಂದ ಧಾರವಾಡದ ಕಾಲೇಜೊಂದರ ಪತ್ರಿಕೋದ್ಯಮ ವಿಭಾಗದ ಆರು ವಿದ್ಯಾರ್ಥಿಗಳು ವಾರಕ್ಕೊಮ್ಮೆ ನಮ್ಮ ಮನೆಗೆ ಬರುತ್ತಿದ್ದಾರೆ. ಪದವಿಯ ಕೊನೆಯ ವರ್ಷದ ಯೋಜನೆಗಾಗಿ ಅವರು ಕನ್ನಡದಲ್ಲಿ 32 ಪುಟಗಳ ಸಂಗೀತ ಪತ್ರಿಕೆಯೊಂದನ್ನು ಸಿದ್ಧಪಡಿಸಬೇಕಾಗಿದೆ. ನಾನು ಬಹುಕಾಲ ಪತ್ರಿಕೆಯ ಪುಟ ಕಟ್ಟುವ ಕೆಲಸದಲ್ಲಿದ್ದವನೆಂಬ ಕಾರಣಕ್ಕೆ ವಿನ್ಯಾಸದ ಹುಡುಕಾಟದಲ್ಲಿ ಜೊತೆಗಿರಿ ಎಂದು ಕೇಳಿಕೊಂಡರು. ಮೊದಲ ದಿನ ಅವರು ತಂದ ಲ್ಯಾಪ್‌ಟಾಪಿನಲ್ಲಿ ಪಿಂಟರೆಸ್ಟ್‌ನಿಂದ ಇಳಿಸಿಕೊಂಡ ಇನ್ನೂರಕ್ಕೂ ಹೆಚ್ಚು ಚಿತ್ರಗಳಿದ್ದವು. ರೋಲಿಂಗ್ ಸ್ಟೋನ್, ಎನ್‌ಎಂಇ, ಕೆರಾಂಗ್ ಪತ್ರಿಕೆಗಳ ಮುಖಪುಟಗಳಿದ್ದವು, ಜಾಝ್ ಧ್ವನಿಮುದ್ರಿಕೆಗಳ ಹೊದಿಕೆಗಳಿದ್ದವು. ಆಯ್ಕೆಯಲ್ಲಿ ಅಭಿರುಚಿಯಿತ್ತು. ಆದರೆ ಆ ಇನ್ನೂರರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ, ಮತ್ತು ಆ ಪತ್ರಿಕೆಗಳಲ್ಲಿ ಒಂದನ್ನಾದರೂ ಅವರಲ್ಲಿ ಯಾರೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ನಮ್ಮ ಕಾಲೇಜುಗಳಲ್ಲಿ ವಿನ್ಯಾಸ ಸಂಶೋಧನೆ ಎಂದರೆ ಚಿತ್ರಗಳನ್ನು ಕೂಡಿಹಾಕಿ ಒಂದು ದೊಡ್ಡ ಹಾಳೆಯ ಮೇಲೆ ಅಂಟಿಸುವುದು ಎಂದಾಗಿದೆ, ಅಂಕಗಳೂ ಅದಕ್ಕೇ ಬೀಳುತ್ತವೆ. ಒಂದು ಪುಟ ಹಾಗೆ ಏಕಿದೆ ಎಂದು ಕೇಳುವವರಿಲ್ಲ. ಅದಕ್ಕೇ ನಾವು ಅವರ ಸಂಗ್ರಹದ ಕೆಲವು ಚಿತ್ರಗಳನ್ನು ತೆಗೆದುಕೊಂಡು ಅವುಗಳ ಹಿಂದಿನ ಕಾರಣ ಹುಡುಕುತ್ತ ಹೋದೆವು. ರೋಲಿಂಗ್ ಸ್ಟೋನ್ ಪತ್ರಿಕೆಯ ಮೊದಲ ಸಂಚಿಕೆ 1967ರ ನವೆಂಬರ್ 9ರ ದಿನಾಂಕ ಹೊತ್ತು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಬಂದಾಗ ಅದು ಅಗ್ಗದ ಸುದ್ದಿಕಾಗದದ ಮೇಲೆ ಅಚ್ಚಾಗಿತ್ತು. ಅದರ ಸಂಪಾದಕ ಯಾನ್ ವೆನ್ನರ್ ಅದಕ್ಕೆ ಮೊದಲು ದುಡಿದಿದ್ದ ಪತ್ರಿಕೆಯ ಪುಟವಿನ್ಯಾಸವನ್ನೇ ಬಹುಮಟ್ಟಿಗೆ ಎರವಲು ತಂದಿದ್ದರು. ಬ್ಲೂ ನೋಟ್ ಎಂಬ ಜಾಝ್ ಧ್ವನಿಮುದ್ರಿಕೆ ಕಂಪನಿಗಾಗಿ ವಿನ್ಯಾಸಕ ರೀಡ್ ಮೈಲ್ಸ್ ರೂಪಿಸಿದ ಹೊದಿಕೆಗಳಲ್ಲಿ ಕಪ್ಪು ಬಿಳುಪಿನ ಛಾಯಾಚಿತ್ರದ ಜೊತೆಗೆ ಎಷ್ಟೋ ಸಲ ಒಂದೇ ಬಣ್ಣ ಕಾಣುವುದು ಹೆಚ್ಚು ಬಣ್ಣಕ್ಕೆ ಹಣವಿರಲಿಲ್ಲವೆಂದು. ರೇ ಗನ್ ಎಂಬ ಅಮೆರಿಕದ ಸಂಗೀತ ಪತ್ರಿಕೆಯಲ್ಲಿ ವಿನ್ಯಾಸಕ ಡೇವಿಡ್ ಕಾರ್ಸನ್ 1994ರಲ್ಲಿ ಒಂದು ಸಂದರ್ಶನವನ್ನು ಪೂರ್ತಿಯಾಗಿ ಝಾಫ್ ಡಿಂಗ್‌ಬ್ಯಾಟ್ಸ್ ಎಂಬ ಚಿಹ್ನೆಗಳ ಫಾಂಟಿನಲ್ಲಿ, ಯಾರೂ ಓದಲಾಗದಂತೆ ಜೋಡಿಸಿದ್ದು ಆ ಸಂದರ್ಶನ ನೀರಸವಾಗಿದೆ ಎಂದು ಅವರಿಗೆ ಅನ್ನಿಸಿದ್ದರಿಂದ. ಒಂದರ ಹಿಂದೆ ಬಡತನವಿತ್ತು, ಇನ್ನೊಂದರ ಹಿಂದೆ ಬೇಸರವಿತ್ತು. ನಮ್ಮ ಪುಟದ ಹಿಂದೆ ಏನಿದೆ ಎಂಬ ಪ್ರಶ್ನೆ ಆಗ ತಾನಾಗಿಯೇ ಎದುರಿಗೆ ಬಂತು.

ಎರಡನೆಯ ವಾರ ನಾನು ಅವರ ಕೈಗೆ ಅಡಿಪಟ್ಟಿ ಕೊಟ್ಟೆ. ಮನೆಯಲ್ಲಿದ್ದ ಹಳೆಯ ಸುಧಾ, ಮಯೂರ, ತರಂಗಗಳನ್ನೂ, ಚೆನ್ನೈಯಿಂದ 1983ರಲ್ಲಿ ಆರಂಭವಾದ ಶ್ರುತಿ ಎಂಬ ಇಂಗ್ಲಿಷ್ ಸಂಗೀತ ಪತ್ರಿಕೆಯ ಕೆಲವು ಸಂಚಿಕೆಗಳನ್ನೂ ಮುಂದಿಟ್ಟು, ಅಂಚಿನ ಅಳತೆ, ಕಾಲಂನ ಅಗಲ, ಸಾಲಿನಿಂದ ಸಾಲಿಗಿರುವ ಅಂತರ, ಒಂದು ಸಾಲಿನಲ್ಲಿ ಎಷ್ಟು ಪದಗಳು ಹಿಡಿಯುತ್ತವೆ ಎಂಬುದನ್ನೆಲ್ಲ ಬರೆದುಕೊಳ್ಳಲು ಹೇಳಿದೆ. ಎರಡು ಗಂಟೆಯ ಈ ಕೆಲಸ ಅವರಿಗೆ ಇನ್ನೂರು ಚಿತ್ರಗಳು ಕಲಿಸದಿದ್ದುದನ್ನು ಕಲಿಸಿತೆಂದು ನಾನು ಖಚಿತವಾಗಿ ಹೇಳಬಲ್ಲೆ. ಇಂಗ್ಲಿಷ್ ಪುಟದ ಅಳತೆ ಕನ್ನಡಕ್ಕೆ ಒಗ್ಗುವುದಿಲ್ಲ. ಅಚ್ಚಿನಲ್ಲಿ ಅಕ್ಷರವನ್ನೂ ಸಾಲಿನ ಅಂತರವನ್ನೂ ಅಳೆಯುವ ಮಾನ ಪಾಯಿಂಟ್. ಇಂಗ್ಲಿಷಿನಲ್ಲಿ 10 ಪಾಯಿಂಟ್ ಅಕ್ಷರವನ್ನು 12 ಪಾಯಿಂಟ್ ಅಂತರದಲ್ಲಿ ಜೋಡಿಸಿದರೆ ಸಾಕಾಗುತ್ತದೆ. ಕನ್ನಡದಲ್ಲಿ ಮೇಲೆ ಗುಡಿಸು, ಏತ್ವ, ತಲೆಕಟ್ಟು, ಕೆಳಗೆ ಒತ್ತಕ್ಷರ, ಇವೆಲ್ಲಕ್ಕೂ ಜಾಗ ಬೇಕು. ನಾವು ಹಲವು ಬಾರಿ ಪ್ರಿಂಟ್ ತೆಗೆದು ನೋಡಿದ ಮೇಲೆ 11 ಪಾಯಿಂಟ್ ಅಕ್ಷರಕ್ಕೆ 16.5 ಪಾಯಿಂಟ್ ಅಂತರ ಕೊಟ್ಟಾಗಲೇ ಓದು ಸರಾಗವಾಯಿತು. "ಸರ್, ಹೀಗಾದರೆ ನಮ್ಮ ಪುಟಗಳು ಸಾಲುವುದಿಲ್ಲ" ಎಂದು ಒಬ್ಬ ಹುಡುಗ ಗಾಬರಿಯಿಂದ ಹೇಳಿದ. ಸಾಲಲಿಲ್ಲ ನಿಜ. ಎರಡು ಪುಟಕ್ಕೆಂದು ಲೆಕ್ಕಹಾಕಿದ್ದ ಲೇಖನ ಮೂರು ಪುಟ ಬೇಡಿತು. 32 ಪುಟವೆಂದರೆ ಅಚ್ಚುಕೂಟದ ಲೆಕ್ಕದಲ್ಲಿ ಒಟ್ಟಿಗೆ ಅಚ್ಚಾಗುವ 16 ಪುಟಗಳ ಎರಡು ಫಾರಂ, ಒಂದೇ ಒಂದು ಪುಟವನ್ನು ಅದಕ್ಕೆ ಸೇರಿಸಲು ಬರುವುದಿಲ್ಲ. ಹಾಗಾಗಿ ಎರಡು ಲೇಖನಗಳು ಹೊರಗುಳಿದವು. ಕನ್ನಡದ ಪದಗಳು ಉದ್ದ. 'ಹಾಡಿಕೊಂಡಿರುತ್ತಿದ್ದರು' ಎಂಬಂಥ ಒಂದು ಕ್ರಿಯಾಪದ ಮೂರು ಕಾಲಂ ಪುಟದಲ್ಲಿ ಅರ್ಧ ಸಾಲನ್ನು ತಿಂದುಹಾಕುತ್ತದೆ, ಎರಡೂ ಅಂಚು ಸಮ ಮಾಡಹೊರಟರೆ ಪದಗಳ ನಡುವೆ ಬಿಳಿಯ ಹಳ್ಳಗಳು ಬೀಳುತ್ತವೆ. ಅವರು ಬಹಳ ಇಷ್ಟಪಟ್ಟಿದ್ದ ಮೂರು ಕಾಲಂ ವಿನ್ಯಾಸವನ್ನು ಬಿಟ್ಟು ಎರಡಕ್ಕೆ ಇಳಿದರು.

ಶೀರ್ಷಿಕೆಗಳ ಪಾಠ ಇದಕ್ಕಿಂತ ಸೊಗಸಾಗಿತ್ತು. ಈ ಭಾಗದ ಗಾಯಕರ ಹೆಸರುಗಳನ್ನೇ ದೊಡ್ಡ ಅಕ್ಷರದಲ್ಲಿ ಜೋಡಿಸಿ ನೋಡಿದೆವು. 'ಗಂಗೂಬಾಯಿ ಹಾನಗಲ್', 'ಬಸವರಾಜ ರಾಜಗುರು' ಇವುಗಳಲ್ಲಿ ಒಂದೂ ಒತ್ತಕ್ಷರವಿಲ್ಲ; ಎರಡು ಸಾಲುಗಳನ್ನು ಎಷ್ಟು ಹತ್ತಿರ ತಂದರೂ ನಿಲ್ಲುತ್ತವೆ. 'ಮಲ್ಲಿಕಾರ್ಜುನ ಮನ್ಸೂರ' ಎಂದು ಎರಡು ಸಾಲಿನಲ್ಲಿ ಇಟ್ಟರೆ ಮೇಲಿನ ಸಾಲಿನ ಲಕಾರದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಆ ಒತ್ತು ಇಳಿಯುವ ಜಾಗವನ್ನು ಮೊದಲೇ ನೋಡಿಕೊಂಡು ಎರಡನೆಯ ಸಾಲನ್ನು ಸ್ವಲ್ಪ ಬಲಕ್ಕೆ ಸರಿಸಿದಾಗ, ಯಾವ ಅಲಂಕಾರವೂ ಇಲ್ಲದೆ ಆ ಹೆಸರಿಗೆ ಅದರದೇ ಆದ ಒಂದು ನಿಲುವು ಬಂತು. ಇಂಗ್ಲಿಷಿನ ಪತ್ರಿಕೆಗಳು ಕ್ಯಾಪಿಟಲ್ ಅಕ್ಷರಗಳಿಂದ ಪಡೆಯುವ ಗಡಸುತನ ನಮ್ಮ ಲಿಪಿಯಲ್ಲಿ ಸಿಗುವುದಿಲ್ಲ, ಏಕೆಂದರೆ ಇಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ. ಅಕ್ಷರದ ಗಾತ್ರ, ದಪ್ಪ, ಅದರ ಸುತ್ತ ಬಿಡುವ ಖಾಲಿ ಜಾಗ, ಕೈಬರಹ ಇವುಗಳಿಂದಲೇ ಅದನ್ನು ಸಾಧಿಸಬೇಕು. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಪುಸ್ತಕ ಪ್ರಕಟಿಸುತ್ತ ಬಂದಿದೆ; ಕಂಪ್ಯೂಟರ್ ಬರುವ ಮೊದಲು ಕನ್ನಡ ಪುಸ್ತಕಗಳ ಮುಖಪುಟದ ಹೆಸರುಗಳನ್ನು ಕಲಾವಿದರು ಹೆಚ್ಚಾಗಿ ಕೈಯಿಂದಲೇ ಬರೆಯುತ್ತಿದ್ದರು ಎಂಬುದನ್ನು ಈ ಊರಿನ ಮಕ್ಕಳಿಗೆ ತೋರಿಸಲು ದೂರ ಹೋಗಬೇಕಾಗಿಲ್ಲ. ಹುಡುಗರು ಹಳೆಯ ಪುಸ್ತಕಗಳನ್ನೂ ನಾಟಕ ಕಂಪನಿಗಳ ಹಸ್ತಪತ್ರಗಳನ್ನೂ ಹುಡುಕಿ ತಂದರು. ಗಂಗೂಬಾಯಿಯವರ ಆರಂಭದ ಧ್ವನಿಮುದ್ರಿಕೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದಿದ್ದವೆಂಬುದನ್ನು ಒಬ್ಬ ಹುಡುಗಿ ಓದಿ ತಿಳಿದು, ಅವರ ಲೇಖನದ ಮೊದಲ ಪುಟದಲ್ಲಿ ಛಾಯಾಚಿತ್ರದ ಬದಲು ಒಂದು ಕಪ್ಪು ವೃತ್ತ, ಅದರ ನಡುವೆ ಆ ಒಂದೇ ಪದ ಇಡೋಣ ಎಂದಳು. ನನಗೆ ಅದಕ್ಕಿಂತ ಒಳ್ಳೆಯ ಪುಟ ಹೊಳೆಯುತ್ತಿರಲಿಲ್ಲ.

ತಂತ್ರಾಂಶದ ತೊಂದರೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ನುಡಿ ಫಾಂಟಿನಲ್ಲಿದ್ದ ಲೇಖನಗಳನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಗೊಂದಲದ ಅಕ್ಷರರಾಶಿ ಕಾಣುತ್ತದೆ, ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಳ್ಳದಿದ್ದರೆ ಒತ್ತಕ್ಷರಗಳು ಒಡೆದುಹೋಗುತ್ತವೆ. ಕನ್ನಡದಲ್ಲಿ ಪುಟ ಕಟ್ಟುವ ವಿದ್ಯಾರ್ಥಿಗೆ ಇದನ್ನು ಮೊದಲ ತರಗತಿಯಲ್ಲೇ ಹೇಳಿಕೊಡಬೇಕಿತ್ತು ಎಂಬ ಸಂಕಟ ನನಗಿದೆ.

ನಮ್ಮನ್ನು ಹೆಚ್ಚು ದಿನ ಹಿಡಿದಿಟ್ಟದ್ದು ಸ್ವರಲಿಪಿಯ ಪುಟ. ಸಂಗೀತ ಪತ್ರಿಕೆಯೆಂದ ಮೇಲೆ ಒಂದು ಬಂದಿಶಾದರೂ, ಅಂದರೆ ಹಿಂದೂಸ್ತಾನಿ ಸಂಗೀತದ ಒಂದು ರಚನೆಯಾದರೂ, ಸ್ವರಲಿಪಿಯೊಂದಿಗೆ ಇರಬೇಕೆಂಬುದು ವಿದ್ಯಾರ್ಥಿಗಳದೇ ಹಟ, ಅದು ನ್ಯಾಯವಾದ ಹಟ. ಸ್ವರ ಬರೆಯುವ ಭಾತಖಂಡೆ ಪದ್ಧತಿಯಲ್ಲಿ ಕೋಮಲ (ತಗ್ಗಿಸಿದ) ಸ್ವರಕ್ಕೆ ಕೆಳಗೆ ಅಡ್ಡಗೆರೆ, ತೀವ್ರ (ಏರಿಸಿದ) ಮಧ್ಯಮಕ್ಕೆ ಮೇಲೆ ನಿಂತಗೆರೆ, ಕೆಳಗಿನ ಸ್ಥಾಯಿಯಾದ ಮಂದ್ರಕ್ಕೆ ಕೆಳಗೆ ಚುಕ್ಕೆ, ಮೇಲಿನ ಸ್ಥಾಯಿಯಾದ ತಾರಕ್ಕೆ ಮೇಲೆ ಚುಕ್ಕೆ. ಅವರು ಆರಿಸಿಕೊಂಡದ್ದು ದರ್ಬಾರಿ ಕಾನಡ. ಆ ರಾಗದ ಜೀವವಿರುವುದೇ ಮಂದ್ರದಲ್ಲಿ, 'ಧ' ಎಂದು ಬರೆಯುವ ಕೋಮಲ ಧೈವತದ ಆಂದೋಲನದಲ್ಲಿ, ಅಂದರೆ ಮೆಲ್ಲನೆಯ ತೂಗಾಟದಲ್ಲಿ. ಆದರೆ ಕನ್ನಡದ 'ಧ' ಅಕ್ಷರದ ಕೆಳಗೆ ಮಹಾಪ್ರಾಣದ ಸೀಳು ಮೊದಲೇ ಇದೆ. ಅದರ ಕೆಳಗೆ ಕೋಮಲದ ಗೆರೆ, ಅದರ ಕೆಳಗೆ ಮಂದ್ರದ ಚುಕ್ಕೆ ಬರಬೇಕು. ನಾವು ಪ್ರಯತ್ನಿಸಿದ ಯಾವ ಫಾಂಟಿನಲ್ಲಿಯೂ ಈ ಮೂರು ಒಂದರ ಕೆಳಗೊಂದು ಸರಿಯಾಗಿ ಕೂರಲಿಲ್ಲ. ಕೆಲವು ಕಡೆ ಚುಕ್ಕೆ ಪಕ್ಕಕ್ಕೆ ಸರಿದು ಮುಂದಿನ ಸ್ವರದ ಕೆಳಗೆ ಹೋಗಿ ನಿಂತಿತು. ನೋಡಿಕೊಂಡು ಹಾಡುವವನಿಗೆ ಅದು ಬೇರೆಯೇ ಸ್ವರ.

ಕಂಪ್ಯೂಟರಿನಲ್ಲಿ ಸ್ವರಗಳನ್ನಷ್ಟೇ ವಿಶಾಲ ಅಂತರದಲ್ಲಿ ಜೋಡಿಸಿ ಪ್ರಿಂಟ್ ತೆಗೆದು, ಗೆರೆ ಚುಕ್ಕೆಗಳನ್ನೆಲ್ಲ ಇಂಕ್ ಪೆನ್ನಿನಿಂದ ಕೈಯಲ್ಲೇ ಹಾಕಿ ಸ್ಕ್ಯಾನ್ ಮಾಡುವುದೆಂದು ಕೊನೆಗೆ ನಿರ್ಧಾರವಾಯಿತು. ಗುಂಪಿನಲ್ಲಿ ಹಿಂದೂಸ್ತಾನಿ ಕಲಿಯುತ್ತಿರುವ ಹುಡುಗಿಯೊಬ್ಬಳಿದ್ದಾಳೆ. ಕಳೆದ ಭಾನುವಾರ ಅವಳು ನಮ್ಮ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಒಂದೊಂದು ಸ್ವರವನ್ನೂ ಮೆಲ್ಲಗೆ ಹಾಡಿ ನೋಡಿ, ಆಮೇಲೆ ಚುಕ್ಕೆ ಇಡುತ್ತಿದ್ದಳು. ಆ ಹಾಳೆ ಈಗ ಡಮ್ಮಿಯ, ಅಂದರೆ ಅಚ್ಚಿಗೆ ಮೊದಲಿನ ಮಾದರಿ ಪ್ರತಿಯ, 17ನೆಯ ಪುಟದಲ್ಲಿದೆ. ಸೋಮವಾರ ಅದು ಅಚ್ಚುಕೂಟಕ್ಕೆ ಹೋಗುತ್ತದೆ.